ಪಾಲಿಶ್ ಮಾಡಿದ ಗುಂಡುಕಲ್ಲು

ಇವತ್ತಿಗೂ ನುಣುಪಾದ ಕಲ್ಲು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕೊರೊನಾ ಕಾಲದಲ್ಲಿ ನಾವು ಜಪಾನಿನ ಗ್ಯೋಟೋಕುವಿನ ಎರಡು ಕೋಣೆಯ ಮನೆಯಲ್ಲಿದ್ದೆವು. ಒಂದು ಕೋಣೆ ನನ್ನ ಗಂಡನ ಆಫೀಸು, ಇನ್ನೊಂದರಲ್ಲಿ ನಾನು ಕಲ್ಲು ಕುಟ್ಟುತ್ತಿದ್ದೆ. ಈ ಕೆಲಸ ಕಲಿಸುತ್ತಿದ್ದ ಸೆನ್ಸೇ, ಎಂದರೆ ನನ್ನ ಗುರುಗಳು, ಹವಾಯಿಯಲ್ಲಿ ಹುಟ್ಟಿ ಬೆಳೆದ ಜಪಾನಿ ಹೆಂಗಸು, ವಯಸ್ಸಾದವರು. ಅವರ ಯಜಮಾನರು ಹವಾಯಿಯವರೇ, ಕಲ್ಲಿನ ಕೆಲಸದವರು. ಕೆಸುವಿನ ಗೆಡ್ಡೆ ಬೇಯಿಸಿ ಜಜ್ಜುವ ಒಂದು ಗುಂಡುಕಲ್ಲನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡಿದ್ದರು. ಅವರ ಕೈಕೆಲಸದಲ್ಲಿ ಸೆನ್ಸೇ ಬಳಿ ಉಳಿದಿದ್ದದ್ದು ಅದೊಂದೇ. ಅದನ್ನು ಮುಗಿಸು ಎಂದು ನನ್ನ ಕೈಗೆ ಕೊಟ್ಟರು.

ಉಳಿ ಇಲ್ಲ, ಕಬ್ಬಿಣ ತಾಗಿಸುವಂತಿಲ್ಲ. ಗಟ್ಟಿ ಕಲ್ಲಿನಿಂದ ಈ ಕಲ್ಲನ್ನು ಚೂರುಚೂರೇ ಕುಟ್ಟಿ ಆಕಾರ ಬರಿಸಬೇಕು. ಬುಡದ ಸುತ್ತ ಆ ಯಜಮಾನರು ಹಾಕಿದ ಏಟಿನ ಗುರುತುಗಳಿದ್ದವು, ಹೊಸದಾಗಿ ಕುಟ್ಟಿಸಿದ ರುಬ್ಬುಕಲ್ಲಿನ ಹಾಗೆ. ಅವುಗಳ ಮೇಲೆ ಬೆರಳಾಡಿಸಿ, ಯಾವ ಓರೆಯಲ್ಲಿ ಬಿದ್ದಿವೆ ಎಂದು ತಿಳಿದುಕೊಂಡು ನಾನು ಮುಂದಿನ ಏಟು ಹಾಕಬೇಕು. ಪಾಠ ಎಂದರೆ ಅದೇ. ಸೋಂಕಿನ ಭಯಕ್ಕೆ ಸೆನ್ಸೇ ಭಾನುವಾರಗಳಲ್ಲಿ ವಿಡಿಯೋ ಕಾಲ್ ಮಾಡಿ ನೋಡುತ್ತಿದ್ದರು.

ನನ್ನ ಗಂಡನಿಗೆ ಆ ಟಕ್ ಟಕ್ ಸದ್ದೇ ತಲೆನೋವು. "ಮನೇಲಿ ಕನ್‌ಸ್ಟ್ರಕ್ಷನ್ ನಡೀತಿದ್ಯಾ ಅಂತ ಮೀಟಿಂಗಲ್ಲಿ ಕೇಳ್ತಾರೆ ಕಣೇ" ಎನ್ನುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಭಾನುವಾರ ಲಸಿಕೆ ಹಾಕಿಸಿಕೊಂಡು ಮನೆಗೆ ಬಂದರೆ ಬಾಲ್ಕನಿ ತುಂಬ ಬೂದು ಧೂಳು. ಮಧ್ಯದಲ್ಲಿ ಬಾಡಿಗೆಗೆ ತಂದ ಪಾಲಿಶ್ ಮೆಷಿನ್ನು. ಗಂಡ ಖುಷಿಯಿಂದ ಕಲ್ಲನ್ನು ಎತ್ತಿ ತೋರಿಸಿದರು. ಬೋಳುತಲೆಯ ಹಾಗೆ ಮಿಂಚುತ್ತಿತ್ತು.

"ಸರ್‌ಪ್ರೈಸ್! ನಿಂಗೆ ಕೈ ನೋಯುತ್ತೆ ಅಂತ ನಾನೇ ಫಿನಿಶ್ ಮಾಡ್ಬಿಟ್ಟೆ. ಎಷ್ಟ್ ಬೇಗ ಆಯ್ತು ನೋಡು!"

"ಬುಡದಲ್ಲಿದ್ದ ಗುರುತೆಲ್ಲ ಎಲ್ರೀ?"

"ಆ ರಫ್ ರಫ್ ಇದ್ದಿದ್ದಾ? ಅದನ್ನೇ ಫಸ್ಟ್ ತೆಗ್ದೆ."

ಇವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಮಾಡಿದ್ದು. ಅದಕ್ಕೇ ನನಗೆ ಇನ್ನೂ ಕೋಪ. ಕೆಟ್ಟವರಾಗಿದ್ದರೆ ಬಾಯಿಗೆ ಬಂದಂತೆ ಬಯ್ದು ಹಗುರಾಗಬಹುದಿತ್ತು. ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಬೇಗ ಮುಗಿಸಿ ಎಂದು ಇವರನ್ನು ಬೇಡಿಕೊಂಡವರು ಯಾರು? ಸತ್ತವನ ಕೈಯನ್ನು ಉಜ್ಜಿ ಧೂಳು ಮಾಡಿ ಈ ಪುಣ್ಯಾತ್ಮರು ಶಹಬ್ಬಾಸ್‌ಗಿರಿಗೆ ಕಾಯುತ್ತಾ ನಿಂತಿದ್ದರು. ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು.

ಸೆನ್ಸೇ. ತೋಳು ನೋಯುತ್ತಿದೆಯಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಮೊದಲು ನಮ್ಮ ಯಜಮಾನರ ಕೆಲಸ ತೋರಿಸಮ್ಮ, ನಿನ್ನದು ಆಮೇಲೆ" ಎಂದರು.

ಗಂಡನ ಮುಖದ ನಗು ಆಗ ಇಳಿಯಿತು. ಮೆಲ್ಲಗೆ ಕೋಣೆಯ ಕಡೆ ಜಾರುತ್ತಿದ್ದರು. ಅಂಗಿ ಹಿಡಿದು ನಿಲ್ಲಿಸಿ, ಒಂದು ಕೈಯಲ್ಲಿ ಕಲ್ಲು ಹಿಡಿದಿದ್ದ ಅವರ ಇನ್ನೊಂದು ಕೈಗೆ ಫೋನು ಕೊಟ್ಟೆ.

"ನೀವೇ ತೋರಿಸಿ."