ಬಡಿಸುವ ಮುನ್ನ ಎಲ್ಲರನ್ನೂ ಕಾಯಿಸಿದ ಸಭಾಸೇವಕಿ

ಹಸಿದವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಭಾಗ್ಯವನ್ನು ನನ್ನ ಸೇವಾಜೀವನಕ್ಕೆ ಅನುಗ್ರಹಿಸಿದ ಕರ್ತನಿಗೆ ಮೊದಲು ಸ್ತೋತ್ರ.

ಹೈದರಾಬಾದಿನಲ್ಲಿ ಮೆಟ್ರೊ ಹೊಸದಾಗಿ ಓಡತೊಡಗಿದ್ದ ಕಾಲ. ಅಬಿಡ್ಸ್‌ನ ಹಿಂದಣ ಗಲ್ಲಿಯ ಪುಟ್ಟ ಕನ್ನಡ ಕ್ರೈಸ್ತ ಸಭೆಗೆ ನಾನು ಪಾಲಕನಾಗಿದ್ದೆ. ಜನವರಿಯ ಭಾನುವಾರಗಳಂದು ಮಂಜು ಪ್ರಾರ್ಥನಾ ಮಂದಿರದ ಕಿಟಕಿಗಳವರೆಗೂ ಬಂದು ನಿಲ್ಲುತ್ತಿತ್ತು. ನಾಂಪಲ್ಲಿಯ ರೈಲುಗಳ ಕೂಗು ಬೇರಾವುದೋ ಲೋಕದಿಂದೆಂಬಂತೆ ಕೀರ್ತನೆಗಳ ನಡುವೆ ತೇಲಿಬರುತ್ತಿತ್ತು.

ತಿಂಗಳ ಮೊದಲ ಭಾನುವಾರ ಆರಾಧನೆಯ ಬಳಿಕ ನಮ್ಮಲ್ಲಿ ಪ್ರೇಮಭೋಜನ, ಎಂದರೆ ಸಭೆಯೆಲ್ಲ ಕೂಡಿ ಉಣ್ಣುವ ಊಟ. ಯಾದಗಿರಿ, ರಾಯಚೂರು ಕಡೆಯ ಕಟ್ಟಡ ಕಾರ್ಮಿಕರು ಅರ್ಧ ದಿನದ ಕೆಲಸ ಮುಗಿಸಿ ಬರುವಷ್ಟರಲ್ಲಿ ಪಾತ್ರೆಗಳು ಬರಿದಾಗಿರುತ್ತಿದ್ದವು. ಒಂದು ಮಧ್ಯಾಹ್ನ ಅವರಲ್ಲೊಬ್ಬರಾದ ಶಾಂತಮ್ಮ ಬಾಗಿಲಲ್ಲೇ ನಿಂತು ಕೇಳಿದರು: "ಅಯ್ನೋರ, ಮೊದಲ ಬಂದವರಿಗೆ ಅನ್ನ, ನಮಗ ಬರೇ ಆಶೀರ್ವಾದ ಏನ್ರಿ? ಹಿಂಗಾದ್ರ ನಾವ್ಯಾರೂ ಇನ್ನ ಈ ಕಡೆ ಬರಂಗಿಲ್ಲ."

ಊಟ ಬಡಿಸುವುದು, ರೋಗಿಗಳನ್ನು ಕಾಣುವುದು ಡೀಕನ್, ಎಂದರೆ ಸಭಾಸೇವಕರ ಹೊಣೆ. ಆದಿಸಭೆಯಲ್ಲಿ ಈ ಸೇವೆ ಹುಟ್ಟಿದ್ದೇ ಊಟದಲ್ಲಿ ಕೆಲವರನ್ನು ಮರೆತ ನೋವಿನಿಂದ. ನಮ್ಮಲ್ಲಿ ಆಗ ಒಂದು ಸ್ಥಾನ ತೆರವಾಗಿತ್ತು. ಸ್ತ್ರೀಯರಿಗೂ ಅದು ಸಲ್ಲುತ್ತಿತ್ತು. ನಾನು ಶಾಂತಮ್ಮನವರ ಹೆಸರನ್ನು ಸೂಚಿಸಿದೆ.

ನಿವೃತ್ತ ಅಧಿಕಾರಿ ಪ್ರಭಾಕರರು ಸಭೆಯ ಹಿರಿಯರು. ಅವರು ಒಪ್ಪಲಿಲ್ಲ. "ಡೀಕನ್ ಅಂದ್ರ ಗಾಂಭೀರ್ಯ ಬೇಕ್ರಿ. ಆಕಿ ಬಾಯಿ ಚಾರ್‌ಮಿನಾರ್ ತನಕ ಕೇಳತೈತಿ."

ಅವರ ಪತ್ನಿ ಕಮಲಮ್ಮ ನಕ್ಕರು. "ಕೇಳಲಿ ಬಿಡ್ರಿ. ಮುಂದೊಂದು ಹಿಂದೊಂದು ಅನ್ನಾಕಿ ಅಂತೂ ಅಲ್ಲ. ನಿಮ್ಮ ಗೆಳ್ಯಾರಾಗ ಅಂಥಾವ್ರು ಎಷ್ಟು ಮಂದಿ ಅದಾರ?"

ಎರಡು ಮಾತಿಲ್ಲದ ನಡೆ, ಮದ್ಯಕ್ಕೆ ವಶವಾಗದ ಬಾಳು, ಲೋಭವಿಲ್ಲದ ಮನಸ್ಸು, ಅಚ್ಚುಕಟ್ಟಾದ ಸಂಸಾರ: ಸಭಾಸೇವಕರಿಗೆ ಬೈಬಲ್ ಹೇಳುವ ಈ ಅರ್ಹತೆಗಳ ಜೊತೆಗೆ ಪರೀಕ್ಷೆಯೂ ಒಂದುಂಟು. ಮೊದಲು ಸೇವೆ, ಆಮೇಲೆ ಪದವಿ. ಮುಂದಿನ ಪ್ರೇಮಭೋಜನದ ಸೌಟು, ಅಂದಿನ ಕೂಲಿ ಬಿಟ್ಟು ಬಂದಿದ್ದ ಶಾಂತಮ್ಮನವರ ಕೈ ಸೇರಿತು.

ಅಂದು ಆರಾಧನೆಗೆ ಬಂದಿದ್ದವರೆಲ್ಲ ಪಂಕ್ತಿಯಲ್ಲಿ ಕುಳಿತರು. ಆಕೆ ಪಾತ್ರೆಗಳ ಮುಚ್ಚಳ ತೆಗೆಯಲೇ ಇಲ್ಲ. ಕಿಟಕಿಯ ಬಿಸಿಲು ನೆಲದ ಮೇಲೆ ಮೆಲ್ಲನೆ ಸರಿಯುತ್ತಿತ್ತು. ಯಾರೋ ಕೀರ್ತನೆ ಎತ್ತಿದರು. ಉಳಿದವರು ಕನಸಿನಲ್ಲೆಂಬಂತೆ ದನಿಗೂಡಿಸಿದರು.

"ಅನ್ನ ಆರಾಕತ್ತೈತಿ, ಶಾಂತಮ್ಮ," ಎಂದರು ಪ್ರಭಾಕರರು.

"ಆರಲಿ ಬಿಡ್ರಿ, ಸಾಹೇಬ್ರ. ನಾವು ದಿನಾ ಉಣ್ಣೂದು ಆರಿದ್ದನ್ನ. ಒಂದಿನ ನೀವೂ ರುಚಿ ನೋಡ್ರಿ."

ನಗೆಯೆದ್ದಿತು. ಪ್ರಭಾಕರರು ಮಾತ್ರ ನಗಲಿಲ್ಲ.

ಕಡೆಗೆ, ಕಾಲಿಗೆ ಸಿಮೆಂಟು ಮೆತ್ತಿದ್ದ ಆಕೆಯ ಮಂದಿ ಬಂದರು. ಇನ್ನೂ ಮುಚ್ಚಿಯೇ ಇದ್ದ ಪಾತ್ರೆಗಳನ್ನು ಕಂಡು ಹೊಸ್ತಿಲಲ್ಲೇ ನಿಂತರು. ಪ್ರಭಾಕರರು ತಮ್ಮ ಪಕ್ಕದಲ್ಲಿ ಜಾಗ ಮಾಡಿ, "ಬರ್ರಿ, ಕೂಡ್ರಿ," ಎಂದರು. ಶಾಂತಮ್ಮ ಒಂದು ತುದಿಯಿಂದ ಬಡಿಸುತ್ತ ಬಂದರು; ತನ್ನವರಿಗೆ ಹೆಚ್ಚಿಲ್ಲ, ಆಕ್ಷೇಪಿಸಿದವರಿಗೆ ಕಡಿಮೆಯಿಲ್ಲ. ಆರಿದ ಅನ್ನ ಕಲಸುತ್ತ ಪ್ರಭಾಕರರು ನನ್ನತ್ತ ಬಾಗಿದರು: "ಅಯ್ನೋರ, ಡೀಕನ್ ಮಾಡಾಕ ಆಕಿ ತಲಿ ಮ್ಯಾಲ ಕೈಯಿಟ್ಟು ಪ್ರಾರ್ಥನಾ ಮಾಡೂದು ಯಾವ ಭಾನುವಾರ?"

ಅರ್ಹತೆಗಳನ್ನು ನಾನು ಪಾಲಕರನ್ನು ತಯಾರಿಸುವ ಸೆಮಿನರಿಯಲ್ಲಿ ಕಲಿತಿದ್ದೆ. ಸಭಾಸೇವಕರ ಕಣ್ಣು ಇನ್ನೂ ಬಾರದವರ ದಾರಿಯ ಮೇಲಿರಬೇಕೆಂಬುದನ್ನು ಆ ಪಂಕ್ತಿ ಕಲಿಸಿತು.

ಅಂದು ಹಸಿದು ಕಾದವರಿಗೂ, ದಣಿದು ಬಂದವರಿಗೂ, ಸರಿದು ಜಾಗ ಕೊಟ್ಟವರಿಗೂ, ಬಡಿಸಿದ ಆ ಕೈಗಳಿಗೂ ಕರ್ತನ ಸಮಾಧಾನವಿರಲಿ.