ಬಿಳಿ ಕೋಟಿಗೆ ಕಲೆ ಆಗಬಾರದು

"ಡಾಕ್ಟರ್ ಆಗ್ಲಿ ಅಂತ ಕಳಿಸಿದ್ರ, ಆಯಾ ಮಾಡಿಟ್ಟಿಯಲ್ಲ ನೀ!"

ಹೋದ ತಿಂಗಳು ರಾಣೆಬೆನ್ನೂರಿನ ಒಂದು ನರ್ಸಿಂಗ್ ಹೋಮಿನ ವಾರ್ಡಿನಲ್ಲಿ, ರೋಗಿಗಳೆಲ್ಲ ಕೇಳುವ ಹಾಗೆ, ನನ್ನ ಅಕ್ಕನ ಗಂಡ ನನಗೆ ಮಾಡಿದ ಮಂಗಳಾರತಿ ಇದು. ಮಾವ (ನಮ್ಮ ಕಡೆ ಅಕ್ಕನ ಗಂಡನನ್ನು ಹೀಗೇ ಕರೆಯುವುದು) ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು. ಗಂಟಲು ಮೊದಲೇ ದೊಡ್ಡದು.

ಅವರ ಮಗಳು ಪಲ್ಲವಿ ಪಿಯುಸಿ ಸೈನ್ಸ್. ಅವಳು ಡಾಕ್ಟರ್ ಆಗಬೇಕೆಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿ ಆಗಿದೆ. (ಅವಳನ್ನು ಕೇಳುವುದೊಂದು ಬಾಕಿ ಇತ್ತು.) ರಜೆಗೆಂದು ನಮ್ಮ ಮನೆಗೆ ಬಂದವಳು ಮೆಲ್ಲಗೆ ಅಂದಳು, "ಚಿಗವ್ವ, ರಕ್ತ, ವಾಂತಿ ನೋಡಿದ್ರ ತಡ್ಕೊಳ್ಳಾಕ ಆಗತೈತೋ ಇಲ್ಲೋ ನನಗ ಗೊತ್ತಿಲ್ಲ. ಮೊದಲ ಒಮ್ಮೆ ನೋಡಬೇಕು."

ಎಂಥ ಶಾಣ್ಯಾ ಮಾತು! ಪರಿಚಯದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ರಜೆಯಲ್ಲಿ ಸಂಬಳವಿಲ್ಲದೆ ಸೇವೆ ಮಾಡುತ್ತಾಳೆ ಎಂದೆ. ಅವರು ತಲೆ ಎತ್ತದೆ ಕೇಳಿದರು, "ಎಷ್ಟು ದಿನದ್ದು ಬೇಕ್ರಿ ಸರ್ಟಿಫಿಕೇಟ್? ಹದಿನೈದು ದಿನದ್ದೋ, ತಿಂಗಳದ್ದೋ?"

"ಕಾಗದ ಬ್ಯಾಡ್ರಿ ಸರ್, ಕೆಲಸ ಕೊಡ್ರಿ" ಅಂದಳು ಪಲ್ಲವಿ.

ಆಗ ತಲೆ ಎತ್ತಿದರು. ಹಿರಿಯ ನರ್ಸ್ ಒಬ್ಬರ ಕೈಕೆಳಗೆ ಬಿಟ್ಟರು. ನೀರು ಕೊಡುವುದು, ಬೆಡ್‌ಶೀಟ್ ಬದಲಿಸುವುದು, ರೋಗಿಗಳನ್ನು ಮಾತಾಡಿಸುವುದು, ಅಷ್ಟೇ. ಔಷಧಿ, ಸೂಜಿ ಮುಟ್ಟುವ ಹಾಗಿಲ್ಲ.

ಸುದ್ದಿ ಬ್ಯಾಡಗಿ ಮುಟ್ಟಿತು. ಮಾವ ಹಾವೇರಿಯಿಂದ ಬಿಳಿ ಕೋಟು, ಸ್ಟೆತಸ್ಕೋಪ್ ತರಿಸಿ ಕಳಿಸಿದರು. ಜೇಬಿನ ಮೇಲೆ ಕೆಂಪು ದಾರದಲ್ಲಿ 'ಡಾ. ಪಲ್ಲವಿ'! (ನೀಟ್ ಪರೀಕ್ಷೆ ಇನ್ನೂ ಬರೆದಿಲ್ಲ.) ಹುಡುಗಿ ನಾಚಿಕೊಂಡು ಅದನ್ನು ವಾರ್ಡಿನ ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ಹೋದಳು.

ನಾಲ್ಕನೇ ದಿನ ಬುತ್ತಿ ಕೊಡಲು ಹೋಗಿದ್ದೆ. ಮೇಡ್ಲೇರಿಯ ಅಜ್ಜಿಯೊಬ್ಬಳು ವಾಂತಿ ಮಾಡಿಕೊಳ್ಳುತ್ತಿದ್ದಳು. ಪಲ್ಲವಿ ಒಂದು ಕೈಯಲ್ಲಿ ಬೇಸಿನ್ ಹಿಡಿದು, ಇನ್ನೊಂದರಿಂದ ಅವಳ ಬೆನ್ನು ಸವರುತ್ತಿದ್ದಳು. "ನನ್ನ ಸೊಸಿನೂ ಹಿಂಗ ಹಿಡೀಲಿಲ್ಲವ್ವ, ಪುಣ್ಯಾ ಬರ್ಲಿ ನಿನಗ" ಅಂದಳು ಅಜ್ಜಿ.

ಹುಡುಗಿ ನನ್ನ ಕಡೆ ತಿರುಗಿದಳು. "ಚಿಗವ್ವ, ನನಗ ಹೇಸಿಗಿ ಬರಲಿಲ್ಲ! ಆಗತೈತಿ ನನಗ!"

ನನ್ನ ಕಣ್ಣು ತುಂಬಿ ಬಂತು. ಎಷ್ಟು ಕೋಚಿಂಗ್ ಕೊಡಿಸಿದರೂ ಸಿಗದ ಉತ್ತರ ಅವಳಿಗೆ ಸಿಕ್ಕಿತ್ತು.

ಅಷ್ಟರಲ್ಲಿ ಮಾವ ಬಂದರು. ಜೊತೆಗೆ ಇಬ್ಬರು ಗೆಳೆಯರು, ಕೈಯಲ್ಲಿ ಮೊಬೈಲ್. ಕೋಟು ತೊಟ್ಟ ಮಗಳ ಫೋಟೊ ಹೊಡೆದು ಸ್ಟೇಟಸ್ ಹಾಕಬೇಕಿತ್ತಂತೆ. ಕಂಡದ್ದು ವಾಂತಿ ಬೇಸಿನ್. ಅದನ್ನು ಮಗಳ ಕೈಯಿಂದ ಕಸಿದು ನೆಲಕ್ಕಿಟ್ಟರು.

"ಯಾರೋ ಏನೋ! ನಮ್ಮ ಮನಿ ಹುಡುಗಿ ಇವರ ವಾಂತಿ ಬಳೀಬೇಕೇನು? ನಡಿ ಮನಿಗೆ!"

"ಅಪ್ಪಾ, ಅಜ್ಜಿಗೆ ಇನ್ನೂ..."

"ಬಾಯಿ ಮುಚ್ಚ!"

ಆಮೇಲೆ ನನ್ನ ಮಂಗಳಾರತಿ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ಹೊರಳಿದಳು, ತಪ್ಪೆಲ್ಲ ತನ್ನದೇ ಎಂಬಂತೆ. ವಾರವಾರ ಈ ಅಂಕಣದಲ್ಲಿ ನಿಮ್ಮೆದುರು ಗುಡುಗುವ ನಾನು ಏನು ಮಾಡಿದೆ? ಗೂಟದಿಂದ ಕೋಟು ತೆಗೆದು, ಮಡಚಿ, ಮಾವನ ಕೈಗೆ ಕೊಟ್ಟೆ. ಅಕ್ಕನ ಗಂಡ ನೋಡಿ, ಎದುರು ಮಾತಾಡಬಾರದು! (ನಾಚಿಕೆಯಾಗಬೇಕು ನನ್ನ ಜನ್ಮಕ್ಕೆ.)

ಮರುದಿನ ಮಾವ ಒಬ್ಬರೇ ಬಂದು ಸರ್ಟಿಫಿಕೇಟ್ ಒಯ್ದರು. ದುಡಿದದ್ದು ನಾಲ್ಕು ದಿನ, ಬರೆದದ್ದು ಒಂದು ತಿಂಗಳು. ಈಗ ಅದು ಅಂಗಡಿಯ ಗೋಡೆಯ ಮೇಲೆ, ದೇವರ ಫೋಟೊ ಪಕ್ಕದಲ್ಲಿದೆ. ಪಲ್ಲವಿ ಕೋಚಿಂಗಿಗೆ ಹೋಗುತ್ತಾಳೆ. ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ, "ಆ ಅಜ್ಜಿ ಆರಾಮಾದಳೇನ ಚಿಗವ್ವ?" ನನಗೆ ಗೊತ್ತಿಲ್ಲ. ಆ ವಾರ್ಡಿಗೆ ಮತ್ತೆ ಕಾಲಿಡಲು ನನಗೆ ಮುಖವಿಲ್ಲ.

ಮೊನ್ನೆ ಮಾವನಿಗೆ ಎದೆ ಉರಿ. ಹಾವೇರಿಯಲ್ಲಿ ಯಾರೋ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು, ಸಿಟ್ಟಿನಿಂದ ಕುದಿಯುತ್ತಾ ನಮ್ಮ ಮನೆಗೆ ಬಂದರು. "ಏನ್ ಡಾಕ್ಟರೋ ಏನೋ! ಕೈ ಮುಟ್ಟಿ ಸೈತ ನೋಡಲಿಲ್ಲ ನೋಡವಾ. ದೂರದಿಂದನ ಚೀಟಿ ಬರದು ಒಗದಾ!"

ನಾನು ಚಹಾ ಕೊಟ್ಟೆ. ಅವರೆದುರು ಕೇಳಲಾಗದ್ದನ್ನು ಇಲ್ಲಿ ಕೇಳುತ್ತಿದ್ದೇನೆ. ಮಾವ, ಆ ಡಾಕ್ಟರ ಕೈಯಿಂದಲೂ ಅವರಪ್ಪ ಒಂದು ದಿನ ಬೇಸಿನ್ ಕಸಿದುಕೊಂಡಿರಬೇಕಲ್ಲವೇ?