ಲಗಮಪ್ಪ ತೆಗೆದ ಉಣ್ಣಿ

ಲಗಮಪ್ಪ ನಾಯಿಗಳನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದ. "ಏಳ್ರಿ, ಬಿಸಲ ಬಂತು", "ಉಣ್ಣ ಬರ್ರಿ" ಎಂದು ಬೆಳಿಗ್ಗೆ ಅವನ ಅಂಗಳದಿಂದ ಕೇಳಿಬಂದರೆ, ಮನೆಗೆ ಬೀಗರು ಬಂದಿದ್ದಾರೆಂದು ಹೊಸಬರು ತಿಳಿಯುತ್ತಿದ್ದರು. ನನ್ನ ಗಂಡ ಒಮ್ಮೆ ನಕ್ಕಾಗ, "ಅವರು ಅರಮನ್ಯಾಗ ಹುಟ್ಟಿದವರ್ರಿ ಸಾಹೇಬ್ರ, ನಾ ಹೊಲದಾಗ ಹುಟ್ಟಿದಾಂವ" ಎಂದು ಗಂಭೀರವಾಗಿಯೇ ಹೇಳಿದ್ದ. ಮುಧೋಳ ಸಂಸ್ಥಾನ ಮುಂಬಯಿ ಸರಕಾರದಲ್ಲಿ ಸೇರಿ, ಅರಮನೆಯಲ್ಲಿ ಅವನು ಮಾಡುತ್ತಿದ್ದ ಬೇಟೆನಾಯಿಗಳ ಚಾಕರಿ ಮುಗಿದ ಮೇಲೆ, ಅವುಗಳಲ್ಲಿ ಮೂರನ್ನು ಬೇಡಿ ತಂದು ನಮ್ಮ ಹಿತ್ತಲ ಗೋಡೆಯ ಆಚೆ ಸಾಕಿಕೊಂಡಿದ್ದ. ಉದ್ದ ಮೂತಿಯ, ಸೊಂಟವೇ ಇಲ್ಲದ ನಾಯಿಗಳು. ಅವನೂ ಹೆಚ್ಚು ಕಡಿಮೆ ಹಾಗೆಯೇ ಇದ್ದ.

ಅವನ ಕೈ ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಯಾರ ಜೊತೆ ಮಾತಿಗೆ ನಿಂತರೂ, ಹತ್ತಿರ ನಾಯಿಯೋ ಆಡೋ ಎಮ್ಮೆಯೋ ಇದ್ದರೆ, ಬೆರಳುಗಳು ಅದರ ಕಿವಿಯ ಹಿಂದೆ ಉಣ್ಣಿ ಹುಡುಕುತ್ತಿದ್ದವು. ಸಿಕ್ಕಿದ್ದನ್ನು ಕಿತ್ತು ಒಗೆಯುತ್ತಿರಲಿಲ್ಲ. ಬೇವಿನೆಣ್ಣೆ ಸವರಿ, ಸಾವಕಾಶ ಬಿಡಿಸಿ, ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಎಂಟು ದಿನ ಇಡುತ್ತಿದ್ದ. ನಾಯಿಗೆ ಜ್ವರ ಬಂದರೆ ದನದ ಡಾಕ್ಟರಿಗೆ ಅದನ್ನು ತೋರಿಸಬೇಕು ಎಂಬುದು ಅರಮನೆಯಲ್ಲಿ ಕಲಿತ ಶಿಸ್ತು. "ಕಳ್ಳನ್ನ ಹಿಡದು ಬಿಟ್ಟಬಿಟ್ರ ಕಳವಿನ ಪತ್ತೆ ಹೆಂಗ ಹತ್ತಬೇಕ್ರಿ?" ಎಂದು ನನ್ನನ್ನೇ ಕೇಳುತ್ತಿದ್ದ.

ನನ್ನ ಮಗಳು ಸುಮತಿಗೆ ಆಗ ಐದು ವರ್ಷ. ಅವಳ ಲೋಕವೆಲ್ಲ ಆ ಗೋಡೆಯ ಆಚೆಗೇ ಇತ್ತು. ನನ್ನ ಅತ್ತೆಯವರದು ಕಟ್ಟುನಿಟ್ಟಿನ ಮಡಿ. ನಾಯಿ ಮುಟ್ಟಿದ ಕೂಸು ಒಳಗೆ ಬರುವಂತಿರಲಿಲ್ಲ. ಹೀಗಾಗಿ ನಾನು ಹಿತ್ತಲಲ್ಲೇ ಅವಳ ಕೈಕಾಲು ತೊಳೆದು, ಲಂಗ ಬದಲಿಸಿ, ಎಲ್ಲಿಗೂ ಹೋಗಿರಲಿಲ್ಲವೆಂದು ಹೇಳಿ ಕರೆತರುತ್ತಿದ್ದೆ. ಕೂದಲು ತೊಯ್ದರೆ ಗುಟ್ಟು ರಟ್ಟಾದೀತೆಂದು ತಲೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆ ವರ್ಷ ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಬಂತು. ಚಳಿಜ್ವರವೆಂದು ಊರಲ್ಲಿ ಕೊಯಿನಾ ಗುಳಿಗೆ ಕೊಟ್ಟರು. ಇಳಿಯಲಿಲ್ಲ. ಐದನೆಯ ದಿನ ಅಂಗೈ ಅಂಗಾಲಿನಲ್ಲಿ ಕೆಂಪು ಚುಕ್ಕೆ ಎದ್ದವು. ಸುದ್ದಿ ಕೇಳಿದ ಲಗಮಪ್ಪ ಬಂದು ಕಟ್ಟೆಯ ಕೆಳಗೆ ನಿಂತು, ಕೂಸನ್ನು ಹೊರಗೆ ತರಲು ಹೇಳಿದ. ನನ್ನ ತೊಡೆಯ ಮೇಲಿದ್ದ ಅವಳ ಕೂದಲಲ್ಲಿ ಬೆರಳಾಡಿಸಿದ. ಹಿಂದಲೆಯಲ್ಲಿ ಬೆರಳು ನಿಂತಿತು. ಮೆಣಸಿನಕಾಳಿನಷ್ಟು ಉಣ್ಣಿ. ಅದನ್ನು ಬಿಡಿಸಿ ಬೆಂಕಿಪೆಟ್ಟಿಗೆಗೆ ಹಾಕಿ, ದಾರ ಸುತ್ತಿ ನನ್ನ ಮುಂದಿಟ್ಟ.

"ಇಲ್ಲಿ ಕುಂದರಬ್ಯಾಡ್ರಿ ಅವ್ವಾರ. ಮಿರಜಿಗೆ ಜ್ವರದ ದೊಡ್ಡ ಡಾಕ್ಟರ ಕಡೆ ಒಯ್ಯಿರಿ. ಮೊದಲ ಇದನ್ನ ತೋರಸ್ರಿ, ಆಮ್ಯಾಲ ಉಳದ ಮಾತು."

ಒಳಗೆ ಬಂದರೆ ಅತ್ತೆ ದೇವರ ಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ನಮ್ಮ ಮನಿ ಹುಡಿಗಿಗೆ ನಾಯಿ ಉಣ್ಣಿ? ನಾಲ್ಕ ಮಂದಿ ಮುಂದ ಹೇಳೂ ಮಾತೇನ ಇದು?" ಎಂದರು, ಅಷ್ಟೇ. ಒಗೆ ಎಂದು ಅವರು ಹೇಳಲಿಲ್ಲ. ನಾನೇ ಹೋಗಿ ಪೆಟ್ಟಿಗೆಯನ್ನು ಬಚ್ಚಲ ಒಲೆಗೆ ಹಾಕಿದೆ.

ಜಮಖಂಡಿಗೆ ಬಸ್ಸು, ಅಲ್ಲಿಂದ ಕುಡಚಿ, ಕುಡಚಿಯಿಂದ ರೈಲು. ಗಂಡನಿಗೆ ಕಚೇರಿಯ ರಜೆ ಸಿಗಲಿಲ್ಲ. ಅತ್ತೆ ಜೊತೆಗೆ ಬಂದರು. ಮಿರಜಿನ ಡಾಕ್ಟರು ಅಂಗೈಯ ಚುಕ್ಕೆಗಳನ್ನು ಬಹಳ ಹೊತ್ತು ನೋಡಿ, ಮರಾಠಿಯಲ್ಲಿ ಎರಡೇ ಪ್ರಶ್ನೆ ಕೇಳಿದರು. ಮನೆಯಲ್ಲಿ ನಾಯಿ ಇದೆಯೇ? ಮೈಮೇಲೆ ಉಣ್ಣಿಗಿಣ್ಣಿ ಕಂಡಿತ್ತೇ? ಅತ್ತೆ ನನ್ನ ಪಕ್ಕದಲ್ಲಿ ಜಪಮಣಿ ಹಿಡಿದು ಕೂತಿದ್ದರು. ನಾನು ಎರಡಕ್ಕೂ ಇಲ್ಲ ಎಂದೆ. ಅವರು ಟೈಫಾಯಿಡ್ ಇರಬೇಕೆಂದು ವಿಷಮಜ್ವರದ ಔಷಧ ಬರೆದರು.

ಎರಡು ದಿನ ಆಸ್ಪತ್ರೆಯಲ್ಲೇ ಕಳೆದವು. ಮೂರನೆಯ ಬೆಳಿಗ್ಗೆ ಸುಮತಿ ನನ್ನ ಗುರುತು ಹಿಡಿಯಲಿಲ್ಲ. ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ನಾನು ಡಾಕ್ಟರ ಹಿಂದೆ ಓಡಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಇದನ್ನು ಬಂದ ದಿನವೇ ಹೇಳಬೇಕಿತ್ತು, ತಾಯಿ" ಎಂದು ಮರಾಠಿಯಲ್ಲಿ ಹೇಳಿ, ಆಗ ಹೊಸದಾಗಿ ಬಂದಿದ್ದ ಗುಳಿಗೆಯೊಂದನ್ನು ತರಿಸಿ, ಅರೆದು ತಾವೇ ಕುಡಿಸಿದರು. ಎರಡು ದಿನದಲ್ಲಿ ಜ್ವರ ಇಳಿಯಿತು. ಮಗಳು ಉಳಿದಳು. ಬಲಗಿವಿ ಮಾತ್ರ ಹೋಯಿತು. ತಡವಾದದ್ದರಿಂದಲೇ ಹೋಯಿತೆಂದು ಹೇಳಲಾಗದು ಎಂದರು ಡಾಕ್ಟರು. ಅವರು ದೊಡ್ಡವರು, ಹಾಗೆ ಹೇಳಿದರು.

ಮುಂದಿನ ಬೇಸಿಗೆಯಲ್ಲಿ ಲಗಮಪ್ಪ ಗಲಗಲಿಗೆ, ಮಗಳ ಮನೆಗೆ ಹೊರಟ. ಹೇಳಿಹೋಗಲು ಬಂದ. ಮಿರಜಿನಿಂದ ಬಂದ ಮೇಲೆ ಸುಮತಿಯನ್ನು ನಾವು ಗೋಡೆಯ ಆಚೆ ಕಳಿಸಿರಲಿಲ್ಲ. ಅತ್ತೆ ಆ ವಾರ ಪಂಢರಪುರಕ್ಕೆ ಹೋಗಿದ್ದರು, ಮನೆಯಲ್ಲಿ ನಾನು ಮತ್ತು ಸುಮತಿ ಇಬ್ಬರೇ. ಕಟ್ಟೆಯ ಮೇಲೆ ಕವಡೆ ಆಡುತ್ತಿದ್ದ ಅವಳನ್ನು ಅವನು ಬಲಗಡೆಯಿಂದ ಮೆಲ್ಲಗೆ ಕರೆದ. ಅವಳು ತಿರುಗಲಿಲ್ಲ. ಅವನು ನಾಯಿಮರಿಗಳನ್ನು ಪರೀಕ್ಷಿಸುವಂತೆ ಆ ಕಿವಿಯ ಹತ್ತಿರ ಚಿಟಿಕೆ ಹೊಡೆದ, ಆಮೇಲೆ ಈ ಕಿವಿಯ ಹತ್ತಿರ. ಅವಳು ಎಡಕ್ಕೆ ತಿರುಗಿ ನಕ್ಕಳು.

"ಜ್ವರದಾಗ ಹೋತೇನ್ರಿ?" ಎಂದು ಕೇಳಿದ. ಹೌದೆಂದೆ.

ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾ ಎರಡ ದಿನ ಮೊದಲ ಬಂದು ಕೂಸಿನ ತಲಿ ನೋಡಬೇಕಾಗಿತ್ರಿ ಅವ್ವಾರ. ನಾಯಿ ಮೈ ದಿನಾ ನೋಡಿದ್ನಿ, ಕೂಸಿನ ತಲಿ ನೋಡ್ಲಿಲ್ಲ. ತಪ್ಪ ನಂದ."

ನನ್ನ ಬಾಯಿ ಕಟ್ಟಲು ಅಲ್ಲಿ ಅತ್ತೆ ಇರಲಿಲ್ಲ, ನಾಲ್ಕು ಜನ ಇರಲಿಲ್ಲ. ನನ್ನ ತಂದೆಗಿಂತ ಹಿರಿಯ ಮನುಷ್ಯ, ಈಗಲೂ ಅವನನ್ನು ಏಕವಚನದಲ್ಲೇ ಬರೆಯುತ್ತಿದ್ದೇನೆ, ನನ್ನೆದುರು ತಲೆ ತಗ್ಗಿಸಿ ನಿಂತಿದ್ದ.

"ಇರಲಿ ಬಿಡು, ಲಗಮಪ್ಪ" ಎಂದೆ.

ಅವನನ್ನು ಕ್ಷಮಿಸಿಬಿಟ್ಟೆ. ಅವನು ಕಣ್ಣೊರೆಸಿಕೊಂಡು, ನಮ್ಮದು ದೊಡ್ಡ ಮನಸ್ಸೆಂದು ಕೈಮುಗಿದು ಹೋದ. ಆಮೇಲೆ ನಾಲ್ಕು ವರ್ಷ ಬದುಕಿದ್ದನಂತೆ. ಮುಧೋಳದಿಂದ ಗಲಗಲಿಗೆ ದಿನಾ ಬಸ್ಸು ಇತ್ತು.